ಷರಾ ಕಾಲಂ

ಅಕ್ಕೋರು ಹೋದ ಸುದ್ದಿ ನನಗೆ ಗೊತ್ತಾಗಿದ್ದು ಎಲ್ಲ ಮುಗಿದು ಒಂಬತ್ತು ದಿನ ಕಳೆದ ಮೇಲೆ. ಅವರ ತಮ್ಮ, ಅವರ ಫೋನಿನಲ್ಲಿದ್ದ ಹೆಸರುಗಳಿಗೆ ಒಂದೊಂದಾಗಿ ಕರೆ ಮಾಡುತ್ತ ಬಂದಿದ್ದ. ನನ್ನ ಸರದಿ ಬರುವ ಹೊತ್ತಿಗೆ ಅವನ ದನಿಯಲ್ಲಿ ಅಳು ಉಳಿದಿರಲಿಲ್ಲ. ನಾನು ಚಿಕ್ಕೋಡಿಯಲ್ಲಿ ಮಗಳ ಶಾಲೆಯ ಗೇಟಿನ ಮುಂದೆ ಸ್ಕೂಟಿ ನಿಲ್ಲಿಸಿಕೊಂಡು ಕಾಯುತ್ತಿದ್ದೆ. ಫೋನ್ ಇಟ್ಟ ಮೇಲೆ ಮೊದಲು ಅನ್ನಿಸಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಎದೆ ಹಗುರಾಯಿತು. ನಾನು ಮಾಡಿದ್ದನ್ನು ಬಲ್ಲವರು ಇನ್ನು ಯಾರೂ ಉಳಿಯಲಿಲ್ಲ ಎಂಬ ಹಗುರ. ಗೇಟು ತೆರೆದು ಮಕ್ಕಳು ಹೊರಗೆ ಬರುವಷ್ಟರಲ್ಲಿ ನನ್ನ ಬಗ್ಗೆ ನನಗೇ ಹೇಸಿಗೆ ಹುಟ್ಟಿತ್ತು. ಇದನ್ನು ಬರೆಯುತ್ತಿರುವುದು ಅದಕ್ಕೆ.

ಅವರ ಹೆಸರನ್ನು ಬರೆಯುವುದಿಲ್ಲ. ಯಾರದಾದರೂ ಹೆಸರು ಒಂದು ಕಡೆ ಬರೆಯುವ ಮೊದಲು ಅದು ಅಲ್ಲಿ ಯಾಕೆ ಬೇಕು ಎಂದು ಕೇಳಿಕೊಳ್ಳುವುದನ್ನು ಕಲಿಸಿದವರೇ ಅವರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತಾರೆ. ಇವರು ಶಾಲೆಯಲ್ಲೇನೂ ಕಲಿಸಿದವರಲ್ಲ. ನಿಪ್ಪಾಣಿಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕೆಲವು ವರ್ಷ ಪಾಠ ಹೇಳಿದ್ದರು. ಆಮೇಲೆ ಚಿಕ್ಕೋಡಿಗೆ ಬಂದು ವೆಬ್‌ಸೈಟ್ ಮಾಡಿಕೊಡುವ ಸಣ್ಣ ಆಫೀಸು ತೆರೆದಾಗಲೂ ಆ ಹೆಸರು ಹಿಂದೆಯೇ ಬಂತು. ಕೆಳಗಿನ ಡ್ರಿಪ್ ಪೈಪಿನ ಅಂಗಡಿಯವರು, ಪೋಸ್ಟಮನ್, ಕೆಲಸ ಕೊಡುವ ಗಿರಾಕಿಗಳು, ಎಲ್ಲರಿಗೂ ಅವರು ಅಕ್ಕೋರು.

ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಆ ಪೈಪಿನ ಅಂಗಡಿಯ ಮೇಲೆ ಎರಡು ಕೋಣೆ, ಮೂರು ಕಂಪ್ಯೂಟರು. ನಾನು ಬಿ.ಸಿ.ಎ. ಮುಗಿಸಿ ರಾಯಬಾಗದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಅಲ್ಲಿ ಇದ್ದವರು ನಾವಿಬ್ಬರೇ. ಅವರಿಗೆ ಆಗ ನಲವತ್ತರ ಹತ್ತಿರ. ಮದುವೆ ಆಗಿರಲಿಲ್ಲ, ಆ ಬಗ್ಗೆ ಮಾತೂ ಆಡುತ್ತಿರಲಿಲ್ಲ. ಗಂಜಿ ಹಾಕಿದ ಕಾಟನ್ ಸೀರೆ, ಹೆಗಲ ಮೇಲೆ ಪಿನ್ನು, ಎಣ್ಣೆ ಹಚ್ಚಿ ಬಿಗಿದ ತುರುಬು. ಗಾಲಿ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟು ತಾವು ಕಟ್ಟಿಗೆಯ ಕುರ್ಚಿಯಲ್ಲಿ ನೆಟ್ಟಗೆ ಕೂಡುತ್ತಿದ್ದರು. ಅವರ ತಾಯಿ ನಿಪ್ಪಾಣಿಯಲ್ಲಿ ಬೀಡಿ ಕಟ್ಟುತ್ತಿದ್ದರು. ಅಕ್ಕೋರೂ ಹತ್ತನೆಯ ಇಯತ್ತೆಯವರೆಗೆ ಶಾಲೆ ಬಿಟ್ಟೊಡನೆ ತಾಯಿಯ ಪಕ್ಕ ಕೂತು ಕಟ್ಟಿದವರೇ. ಏನಾದರೂ ಯೋಚಿಸುವಾಗ ಅವರ ಎಡಗೈಯ ಹೆಬ್ಬೆರಳು ತೋರುಬೆರಳು ತಾವಾಗಿಯೇ ಹೊರಳುತ್ತಿದ್ದವು, ಎಲೆಯ ತುದಿಯನ್ನು ಒಳಗೆ ಮಡಚುವ ಹಾಗೆ. ಆ ಬೆರಳು ನಿಂತರೆ ಉತ್ತರ ಸಿಕ್ಕಿತು ಎಂದು ನಾನು ತಿಳಿಯುತ್ತಿದ್ದೆ.

ಕೋಡನ್ನು ಅವರು ತೆರೆಯ ಮೇಲೆ ನೋಡಿ ಸುಮ್ಮನಾಗುತ್ತಿರಲಿಲ್ಲ. ಒಂದೊಂದು ಸಾಲನ್ನೂ ನನ್ನಿಂದ ಕನ್ನಡದಲ್ಲಿ ಜೋರಾಗಿ ಓದಿಸುತ್ತಿದ್ದರು. ಈ ಸಾಲು ಏನು ಮಾಡುತ್ತದೆ, ಹೇಳು. ಹೇಳಿದ ಮೇಲೆ ಇನ್ನೊಂದು ಪ್ರಶ್ನೆ ತಪ್ಪದೆ ಬರುತ್ತಿತ್ತು.

“ಇದು ಯಾರ ಮನ್ಯಾಗ ಓಡ್ತದ?”

ವೆಬ್‌ಸೈಟಿನ ಕೆಲಸದಲ್ಲಿ ಎರಡು ಮನೆ ಇರುತ್ತವೆ. ಒಂದು ನಮ್ಮ ಸರ್ವರ್. ಮಾಹಿತಿಯೆಲ್ಲ ಇರುವುದು ಅಲ್ಲಿ, ಅಲ್ಲಿ ಓಡುವ ಕೋಡು ಹೊರಗಿನವರಿಗೆ ಕಾಣುವುದಿಲ್ಲ. ಇನ್ನೊಂದು ನೋಡುವವರ ಬ್ರೌಸರ್. ನಾವು ಕಳಿಸಿದ ಪುಟ, ಪುಟದೊಳಗಿನ ಸ್ಕ್ರಿಪ್ಟು, ಆ ಸ್ಕ್ರಿಪ್ಟಿಗೆ ನಾವು ದಾಟಿಸಿದ ಮಾಹಿತಿ, ಎಲ್ಲವೂ ಅವರ ಕಂಪ್ಯೂಟರಿಗೆ ಹೋಗಿ ಕೂಡುತ್ತವೆ. ತೆರೆಯ ಮೇಲೆ ಕಾಣದಿದ್ದರೂ ಪುಟದ ಮೇಲೆ ಬಲಗಡೆ ಕ್ಲಿಕ್ ಮಾಡಿ ಮೂಲ ತೆರೆದರೆ ಯಾರಾದರೂ ಓದಬಹುದು. ಇದನ್ನು ನನಗೆ ತಿಳಿಸಲು ಅವರು ಖಾನಾವಳಿಯ ಮಾತು ತೆಗೆದಿದ್ದರು. ತಾಟಿನಲ್ಲಿ ಬಡಿಸಿ ಅದರ ಮೇಲೆ ಬೋಗುಣಿ ಮುಚ್ಚಿಟ್ಟರೆ ಬಡಿಸಲಿಲ್ಲ ಅಂತ ಆಗುತ್ತದೇನು, ಉಣ್ಣುವವನು ಬೋಗುಣಿ ಎತ್ತುವುದಿಲ್ಲವೇನು ಎಂದು ಕೇಳಿದ್ದರು. ನಾನು ನಕ್ಕಿದ್ದೆ. ಅವರು ನಕ್ಕಿರಲಿಲ್ಲ.

ಒಮ್ಮೆ ಸದಲಗಾದ ಒಂದು ಹಾಲಿನ ಸಂಘದ ಸೈಟು ಇದ್ದಕ್ಕಿದ್ದಂತೆ ಬಿಳಿ ಹಾಳೆಯಾಗಿ ಬಿಟ್ಟಿತು. ಒಂದು ಅಕ್ಷರ ಕಾಣುವುದಿಲ್ಲ. ನಾನು ಗಾಬರಿಯಾಗಿ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕೋಣ ಎಂದೆ. ಅಕ್ಕೋರು ಪುಟದ ಮೂಲವನ್ನು ಪ್ರಿಂಟ್ ತೆಗೆದು, ಪೆನ್ಸಿಲು ಹಿಡಿದು, ಮೇಲಿನಿಂದ ಒಂದೊಂದೇ ಸಾಲು ಇಳಿಯುತ್ತ ಬಂದರು. ಯಾರೋ ಒಬ್ಬರ ವಿಳಾಸ ಟೈಪು ಮಾಡುವಾಗ ನಡುವೆ ಎಂಟರ್ ಒತ್ತಿಬಿಟ್ಟಿದ್ದರು. ಅದನ್ನು ನಾವು ಹಾಗೆಯೇ ಸ್ಕ್ರಿಪ್ಟಿನೊಳಗೆ ಸುರಿದಿದ್ದೆವು. ವಾಕ್ಯ ನಡುವೆ ಮುರಿದು ಇಡೀ ಸ್ಕ್ರಿಪ್ಟು ಬಿದ್ದಿತ್ತು. ಅಂದಿನಿಂದ ಸರ್ವರಿನ ಮಾಹಿತಿಯನ್ನು ಸ್ಕ್ರಿಪ್ಟಿಗೆ ಕೈಯಾರೆ ಸುರಿಯುವುದು ನಿಂತಿತು. ಅದನ್ನು ಭದ್ರವಾಗಿ ಕಟ್ಟಿಕೊಡುವ ಫಂಕ್ಷನ್ ಒಂದಿದೆ. ಎಂಟರ್ ಇರಲಿ, ಉದ್ಧರಣ ಚಿಹ್ನೆ ಇರಲಿ, ಅದು ಮುರಿಯದಂತೆ ದಾಟಿಸುತ್ತದೆ. ಅದನ್ನು ಕಲಿತ ಮೇಲೆ ನನಗೆ ಎಲ್ಲ ಕಲಿತ ಹಾಗಾಗಿತ್ತು. ಮುರಿಯದಂತೆ ದಾಟಿಸುವುದು ಹೇಗೆಂದು ಗೊತ್ತಾಯಿತು. ಏನನ್ನು ದಾಟಿಸಬಾರದು ಎಂಬುದು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಅವರ ಕಂಪ್ಯೂಟರಿನ ಪಕ್ಕದಲ್ಲಿ ಅಂಗೈಯಗಲದ ಒಂದು ಬುದ್ಧನ ಮೂರ್ತಿ ಇತ್ತು. ಬಂದ ಗಿರಾಕಿಗಳ ಕಣ್ಣು ಅದರ ಮೇಲೆ ಬಿದ್ದು, ಅಲ್ಲಿಂದ ಅವರ ಮುಖಕ್ಕೆ ಹೋಗಿ, ಒಂದು ಲೆಕ್ಕ ಹಾಕುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಒಂದು ಸಮಾಜದ ವಧು-ವರ ಕೇಂದ್ರದ ಅಧ್ಯಕ್ಷರು ತಮ್ಮ ಸೈಟು ಮಾಡಿಸಲು ಬರುತ್ತಿದ್ದರು. ಯಾವ ಸಮಾಜ, ಯಾವ ಊರು ಎಂಬುದು ಇಲ್ಲಿ ಬೇಡ. ಅಕ್ಕೋರು ಸ್ಟೋವಿನ ಮೇಲೆ ತಾವೇ ಚಹಾ ಮಾಡಿ ಕೊಟ್ಟಾಗಲೆಲ್ಲ ಅವರು ಈಗಷ್ಟೇ ಕುಡಿದು ಬಂದೆ ಎಂದು ಕಪ್ಪನ್ನು ಆಚೆ ಸರಿಸುತ್ತಿದ್ದರು. ನಾಲ್ಕನೆಯ ಸಲ ಅಕ್ಕೋರು ಕೆಳಗಿನ ಹೋಟೆಲಿನಿಂದ ಗ್ಲಾಸಿನಲ್ಲಿ ಚಹಾ ತರಿಸಿದರು. ಅದನ್ನು ಅಧ್ಯಕ್ಷರು ಕುಡಿದರು. ನನಗೆ ಮೈ ಉರಿಯಿತು. ಅವರು ಹೋದ ಮೇಲೆ ಅದನ್ನು ಅಂದೆ. ಅವರು ನಮ್ಮ ಚಹಾ ಕುಡಿಯಲು ಬಂದಿಲ್ಲ, ಕೆಲಸಕ್ಕೆ ಬಂದಿದ್ದಾರೆ, ಕೆಲಸ ನೆಟ್ಟಗೆ ಮಾಡು ಎಂದರು ಅಕ್ಕೋರು. ಅಷ್ಟೇ. ಆ ಕೆಲಸವನ್ನೇ ನಾನು ನೆಟ್ಟಗೆ ಮಾಡಲಿಲ್ಲ.

ಕೇಂದ್ರದಲ್ಲಿ ದಪ್ಪ ದಪ್ಪ ರಿಜಿಸ್ಟರುಗಳಿದ್ದವು. ಹುಡುಗ ಹುಡುಗಿಯರ ಹೆಸರು, ವಯಸ್ಸು, ಓದು, ಊರು, ಹೊಲ ಮನೆ. ಕೊನೆಯಲ್ಲಿ ‘ಷರಾ’ ಎಂದು ಒಂದು ಕಾಲಂ. ಅದರಲ್ಲಿ ಕೇಂದ್ರದ ಗುಮಾಸ್ತೆಯೊಬ್ಬರು ತಮ್ಮ ನೆನಪಿಗಾಗಿ ಬರೆದಿಟ್ಟುಕೊಂಡ ಮಾತುಗಳು. ತಂದೆ ಕುಡಿಯುತ್ತಾರೆ. ಒಮ್ಮೆ ನಿಶ್ಚಯವಾಗಿ ಮುರಿದಿದೆ. ನೌಕರಿ ಇದೆ ಎನ್ನುತ್ತಾನೆ, ವಿಚಾರಿಸಬೇಕು. ಪಾಲಕರು ನಂಬಿ ಹೇಳಿದ ಮಾತುಗಳೂ ಅದರಲ್ಲಿ ಇದ್ದವು. ಅವೆಲ್ಲ ಇದ್ದ ಹಾಗೆಯೇ ಟೈಪಾಗಿ ನಮ್ಮ ಸರ್ವರಿಗೆ ಬಂದಿದ್ದವು.

ಸೈಟು ತಯಾರಾಯಿತು. ಆದರೆ ಆಗಿನ ಇಂಟರ್ನೆಟ್ಟು ಎಂದರೆ ಒಂದು ಸಲ ಹುಡುಕಿದರೆ ಪುಟ ಬರಲು ಅರ್ಧ ನಿಮಿಷ. ಅಧ್ಯಕ್ಷರು ನನ್ನ ಪಕ್ಕ ಕೂತು ವಯಸ್ಸು ಬದಲಿಸಿ ನೋಡಿದರು, ಊರು ಬದಲಿಸಿ ನೋಡಿದರು, ಪ್ರತಿ ಸಲ ಕಾದರು. ಇದಕ್ಕಿಂತ ರಿಜಿಸ್ಟರ್ ತಿರುವಿ ಹಾಕುವುದೇ ಲಗೂ ಆಗುತ್ತದೆ ಎಂದು ಎದ್ದರು. ಇನ್ನೆರಡು ದಿನಕ್ಕೆ ಅವರ ಸಮಾಜದ ಸಮಾವೇಶ. ಅಲ್ಲಿ ದೊಡ್ಡ ಪರದೆಯ ಮೇಲೆ ಇದನ್ನು ತೋರಿಸಬೇಕಿತ್ತು.

ಉಪಾಯ ಹುಡುಕಿದವಳು ನಾನು. ಪ್ರತಿ ಸಲ ಸರ್ವರಿಗೆ ಹೋಗಿ ಬರುವುದು ಯಾಕೆ? ಎಲ್ಲರ ಮಾಹಿತಿಯನ್ನೂ ಒಂದೇ ಸಲ ಪುಟದ ಸ್ಕ್ರಿಪ್ಟಿಗೆ ಕೊಟ್ಟುಬಿಟ್ಟರೆ ಆಮೇಲೆ ಹುಡುಕುವುದೆಲ್ಲ ಬ್ರೌಸರಿನಲ್ಲೇ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆಗುತ್ತದೆ. ಬರೆದೆ. ಯಾವ ಯಾವ ಕಾಲಂ ಬೇಕು ಎಂದು ಹೆಸರಿಸಿ ಬರೆಯಲು ಐದು ನಿಮಿಷ ಹೆಚ್ಚು ಹಿಡಿಯುತ್ತಿತ್ತು. ಹೆಸರಿಸುವ ಬದಲು ಒಂದು ನಕ್ಷತ್ರದ ಗುರುತು ಹಾಕಿದರೆ ಎಲ್ಲ ಕಾಲಂಗಳೂ ಬಂದುಬಿಡುತ್ತವೆ. ನಾನು ನಕ್ಷತ್ರ ಹಾಕಿದೆ. ತೆರೆಯ ಮೇಲೆ ಹೆಸರು, ವಯಸ್ಸು, ಓದು, ಊರು ಮಾತ್ರ ಕಾಣುತ್ತಿದ್ದವು. ಷರಾ ಎಲ್ಲೂ ಕಾಣುತ್ತಿರಲಿಲ್ಲ. ಕಾಣುತ್ತಿರಲಿಲ್ಲ, ಅಷ್ಟೇ.

ಅಕ್ಕೋರು ಅವತ್ತು ನನ್ನಿಂದ ಜೋರಾಗಿ ಓದಿಸಲಿಲ್ಲ. ಕುರ್ಚಿಯ ಹಿಂದೆ ಬಂದು, ಬಗ್ಗಿ, ಆ ಸಾಲನ್ನು ನೋಡಿದರು. ಎಡಗೈ ಬೆರಳು ಹೊರಳುತ್ತಿದ್ದವು. ವಿಳಾಸದ ನಡುವೆ ಎಂಟರ್ ಬಂದರೆ ಏನಾಗುತ್ತದೆ ಎಂದಷ್ಟೇ ಕೇಳಿದರು. ಏನೂ ಆಗುವುದಿಲ್ಲ, ಅದನ್ನು ನೋಡಿಕೊಂಡಿದ್ದೇನೆ ಎಂದೆ. “ಹಾಂ, ಬಿಡು” ಎಂದು ತಮ್ಮ ಕುರ್ಚಿಗೆ ಹೋದರು. ಸಮಾವೇಶದಲ್ಲಿ ಪರದೆಯ ಮೇಲೆ ಹುಡುಗ ಹುಡುಗಿಯರ ಪಟ್ಟಿ ಪಟಪಟನೆ ಬದಲಾಗುವುದನ್ನು ನೋಡಿ ಮಂದಿ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಮೊದಲ ಸಲ ಅಕ್ಕೋರಿಗೆ ಕೈ ಮುಗಿದರು.

ಐದು ತಿಂಗಳ ಮೇಲೆ ಅದೇ ಅಧ್ಯಕ್ಷರು ಒಂದು ಝೆರಾಕ್ಸ್ ಹಾಳೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಹಾಳೆಯ ತುಂಬ ಒತ್ತೊತ್ತಾಗಿ ಅಕ್ಷರ. ನಮ್ಮ ಪುಟದ ಮೂಲದಿಂದಲೇ ತೆಗೆದ ಪ್ರಿಂಟು. ಒಂದು ಕಡೆ ಕೆಂಪು ಪೆನ್ನಿನಿಂದ ಗೆರೆ ಎಳೆದಿತ್ತು. ರಾಯಬಾಗ ತಾಲ್ಲೂಕಿನ ಅಲಖನೂರದ ಒಬ್ಬ ಹುಡುಗಿಯ ಹೆಸರು, ಮುಂದೆ ಷರಾ: ‘ಹುಡುಗಿಗೆ ಫಿಟ್ಸ್. ಗುಳಿಗೆ ನಡೆದಿದೆ. ಎರಡು ವರ್ಷದಿಂದ ಬಂದಿಲ್ಲ. ಗಂಡಿನ ಕಡೆಗೆ ಪಾಲಕರು ತಾವೇ ಹೇಳುವರು.’

ಹುಡುಗಿಗೆ ಅಥಣಿ ಕಡೆಯ ಒಂದು ಮನೆಯಲ್ಲಿ ನಿಶ್ಚಯವಾಗಿತ್ತು. ಆ ಸಂಬಂಧ ಬೇಕಿದ್ದು ಸಿಗದ ಯಾರೋ ಒಬ್ಬರು ಸೈಬರ್ ಅಂಗಡಿಯಲ್ಲಿ ಕೂತು ಇದನ್ನು ತೆಗೆದು, ಝೆರಾಕ್ಸ್ ಮಾಡಿಸಿ, ಗಂಡಿನ ಕಡೆಯ ನೆಂಟರ ಮನೆಮನೆಗೂ ಅಂಚೆಯಲ್ಲಿ ಕಳಿಸಿದ್ದರು. ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಗಂಡಿನ ತಂದೆ ನಿಶ್ಚಯ ಮುರಿದರು. ಅವರು ಅಧ್ಯಕ್ಷರಿಗೆ ಹೇಳಿದ ಮಾತನ್ನು ಅಧ್ಯಕ್ಷರು ನಮ್ಮ ಮುಂದೆ ಇದ್ದ ಹಾಗೆ ಹೇಳಿದರು.

“ನಮಗ ಮೊದಲ ಹೇಳಿದ್ರು, ನಾವು ಒಪ್ಪಿದ್ವಿ. ಈಗ ಮಂದಿಗೆಲ್ಲಾ ಗೊತ್ತಾತು. ಮಂದಿ ಮುಂದ ಹ್ಯಾಂಗ ಒಪ್ಪೂದ್ರಿ?”

ಅಕ್ಕೋರು ಹಾಳೆಯನ್ನು ಮೇಜಿನ ಮೇಲೆ ಹರವಿ ಓದಿದರು. ಕಂಪ್ಯೂಟರಿನಲ್ಲಿ ಪುಟ ತೆರೆದು ಮೂಲ ನೋಡಿದರು. ಎಲ್ಲರದೂ ಇತ್ತು. ಆಮೇಲೆ ಸೈಟನ್ನು ಮುಚ್ಚಿದರು. ಷರಾ ಕಾಲಂ ಅನ್ನು ಸರ್ವರಿನಿಂದಲೇ ಅಳಿಸಿದರು. ಅಧ್ಯಕ್ಷರ ಕೂಗಾಟ ನಡೆದೇ ಇತ್ತು. ಷರಾ ಬರೆದವರು ನಿಮ್ಮವರೇ, ಅದನ್ನು ಟೈಪು ಮಾಡಿಸಿ ಕೊಟ್ಟವರೂ ನೀವೇ ಎಂದು ಅಕ್ಕೋರು ಅನ್ನಬಹುದಿತ್ತು, ಅನ್ನಲಿಲ್ಲ. ಈ ಸಾಲು ಬರೆದವರು ಯಾರು ಎಂದು ಅಧ್ಯಕ್ಷರು ಮೇಜು ಬಡಿದು ಕೇಳಿದರು.

ನಾನು ಪ್ರಿಂಟರಿನ ಪಕ್ಕ ನಿಂತಿದ್ದೆ. ಆ ತಿಂಗಳು ನನಗೆ ಚಿಕ್ಕೋಡಿಯಲ್ಲೇ ಒಂದು ಸಂಬಂಧ ಕೂಡಿ ಬಂದಿತ್ತು. ಹುಡುಗನ ಮನೆಯವರಿಗೂ ಅಧ್ಯಕ್ಷರಿಗೂ ಬಳಕೆ ಇತ್ತು. ಇದೆಲ್ಲ ಅಕ್ಕೋರಿಗೆ ಗೊತ್ತಿತ್ತು. ಒಂದು ಉಸಿರಿನಷ್ಟು ಹೊತ್ತು ಎಲ್ಲ ಸುಮ್ಮನಿತ್ತು. ಆ ಹೊತ್ತಿನಲ್ಲಿ ನಾನು ಮಾತಾಡಬಹುದಿತ್ತು.

“ನಾ ಬರದೀನ್ರಿ,” ಅಂದರು ಅಕ್ಕೋರು.

ಮರುದಿನ ಅವರು ಆಫೀಸಿಗೆ ಬೀಗ ಹಾಕಿಸಿ ಅಲಖನೂರಕ್ಕೆ ಹೋಗಿ ಬಂದರು. ಹುಡುಗಿಯ ತಂದೆ ಕಬ್ಬಿನ ಹೊಲ ಇದ್ದ ಹಳೆಯ ಮನೆತನದವರು. ಅಕ್ಕೋರನ್ನು ಕಟ್ಟೆ ಹತ್ತಲು ಬಿಡಲಿಲ್ಲವಂತೆ. ಅಂಗಳದಲ್ಲಿ ನಿಂತೇ ತಪ್ಪು ನಮ್ಮದು, ಹೀಗೆ ಆಯಿತು ಎಂದು ಎಲ್ಲವನ್ನೂ ಅವರಿಗೆ ತಿಳಿಯುವ ಹಾಗೆ ಹೇಳಿದರಂತೆ. ಹುಡುಗಿ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳಂತೆ. ಇಷ್ಟನ್ನು ನನಗೆ ಹೇಳಿ, ಆಮೇಲೆ ಹಳೆಯ ಸೈಟುಗಳನ್ನೆಲ್ಲ ತೆರೆದು, ಒಂದೊಂದರ ಮೂಲವನ್ನೂ ಪ್ರಿಂಟ್ ತೆಗೆದು, ಪೆನ್ಸಿಲು ಹಿಡಿದು ಕೂತರು. ಹದಿನೈದು ದಿನ ಅದೇ ಕೆಲಸ. ಎಲ್ಲಿ ಒಂದು ಬೇಡದ ಫೋನ್ ನಂಬರು ಸಿಕ್ಕರೂ ತೆಗೆಸಿದರು. ನನಗೆ ಒಂದು ಬಿರುಸು ಮಾತು ಆಡಲಿಲ್ಲ. ಆಡಿದ್ದರೆ ತಡೆದುಕೊಳ್ಳಬಹುದಿತ್ತು.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅಧ್ಯಕ್ಷರ ಫೋನ್ ಬಂತು. ಈ ಸಲ ಅವರು ಕೂಗಲಿಲ್ಲ. ಆ ಹುಡುಗಿ ತೀರಿಕೊಂಡಳು, ಕಾಲುವೆಯಲ್ಲಿ ಸಿಕ್ಕಳು ಎಂದು ಹೇಳಿ ಇಟ್ಟರು.

ಅಕ್ಕೋರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ನಾನೂ ಬರುತ್ತೇನೆ ಎಂದೆ. ಬಸ್ಸಿನಲ್ಲಿ ಅವರು ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದರು. ಎಡಗೈ ಮಡಿಲಲ್ಲಿ ಬಿದ್ದಿತ್ತು, ಬೆರಳು ಅಲುಗುತ್ತಿರಲಿಲ್ಲ. ರಾಯಬಾಗದ ಸ್ಟ್ಯಾಂಡಿನಲ್ಲಿ ಇಳಿದು ಅಲಖನೂರದ ಗಾಡಿ ಹಿಡಿಯಬೇಕು. ಅಲ್ಲಿ ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ಅಕ್ಕೋರೇ, ನನಗೆ ಆಗುವುದಿಲ್ಲ ಎಂದೆ. ಅವರು ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ. ನೀನು ಇಲ್ಲೇ ಇರು ಎಂದು ಗಾಡಿ ಹತ್ತಿದರು. ನನ್ನ ಊರಿನ ಸ್ಟ್ಯಾಂಡಿನಲ್ಲಿ, ಗುರುತಿನವರು ಯಾಕೆ ಕೂತಿದ್ದೀ ಎಂದು ಕೇಳಿದಾಗಲೆಲ್ಲ ಏನೋ ಒಂದು ಸುಳ್ಳು ಹೇಳುತ್ತ ಮೂರು ತಾಸು ಕೂತಿದ್ದೆ.

ತಿರುಗಿ ಬಂದ ಅಕ್ಕೋರು ನಳದ ನೀರು ಕುಡಿದು, ಮುಖ ತೊಳೆದುಕೊಂಡು ನನ್ನ ಪಕ್ಕ ಕೂತರು. ಹುಡುಗಿಯ ತಾಯಿ ಹೇಳಿದ್ದನ್ನು ನಾಲ್ಕೇ ಮಾತಿನಲ್ಲಿ ಹೇಳಿದರು. ನಿಶ್ಚಯ ಮುರಿದ ಮೇಲೆ ತಂದೆ ಗುಳಿಗೆ ನಿಲ್ಲಿಸಿಬಿಟ್ಟಿದ್ದರು. ಔಷಧದ ಅಂಗಡಿಗೆ ಹೋದರೆ ಮಂದಿ ನೋಡುತ್ತಾರೆ, ಗುಳಿಗೆ ನುಂಗಿದರೆ ರೋಗ ಇದೆ ಅಂತ ನಾವೇ ಒಪ್ಪಿದ ಹಾಗೆ, ನನ್ನ ಮಗಳಿಗೆ ಏನೂ ಆಗಿಲ್ಲ ಎಂದು ಹಟ ಹಿಡಿದಿದ್ದರು. ಹುಡುಗಿ ಅರಿವೆ ಒಗೆಯಲು ಕಾಲುವೆಗೆ ಹೋಗಿದ್ದಳು. ಸೊಂಟದಷ್ಟೂ ಆಳವಿಲ್ಲದ ನೀರು. ಒಗೆದ ಅರಿವೆ ಕಲ್ಲಿನ ಮೇಲೆ ಹಿಂಡಿ ಇಟ್ಟಿದ್ದವು.

ಅಂದು ನಾನು ಮನೆಗೆ ಹೋಗದೆ ಅವರ ಸಂಗಡ ಚಿಕ್ಕೋಡಿಗೇ ತಿರುಗಿದೆ, ಬಸ್ಸಿನಲ್ಲಿ ಅತ್ತೆ. ಅಕ್ಕೋರು ಅಳಲಿಲ್ಲ, ನನ್ನನ್ನು ಸಮಾಧಾನವೂ ಮಾಡಲಿಲ್ಲ.

ನನ್ನ ಮದುವೆ ಆಯಿತು. ಅಕ್ಕೋರು ಬಂದು ಅಕ್ಷತೆ ಹಾಕಿ, ಊಟ ಮಾಡದೆ ಹೋದರು. ಆಮೇಲೆ ಅವರು ಹೊಸ ಸೈಟಿನ ಕೆಲಸ ಹಿಡಿಯಲೇ ಇಲ್ಲ. ಹಳೆಯ ಗಿರಾಕಿಗಳನ್ನು ಬೇರೆಯವರಿಗೆ ಒಪ್ಪಿಸಿ, ವರ್ಷ ತುಂಬುವುದರೊಳಗೆ ಆಫೀಸು ಮುಚ್ಚಿ ನಿಪ್ಪಾಣಿಗೆ ಹೋದರು. ಸದಲಗಾದಲ್ಲಿ ಒಂದು ಹಾಲಿನ ಡೇರಿಯಲ್ಲಿ ಟೈಪು ಮಾಡುವ ಕೆಲಸ ಹಿಡಿದರೆಂದು ಕೇಳಿದೆ. ಹಾಲು ಹಾಕುವವರ ಪಟ್ಟಿಯನ್ನು ಗೋಡೆಗೆ ಅಂಟಿಸುವಾಗ ಹೆಸರಿನ ಮುಂದಿನ ಫೋನ್ ನಂಬರು ಯಾತಕ್ಕೆ ಎಂದು ಅಲ್ಲಿಯೂ ತಕರಾರು ತೆಗೆದು, ನಂಬರಿಲ್ಲದ ಪಟ್ಟಿಯನ್ನೇ ಅಂಟಿಸುತ್ತಿದ್ದರಂತೆ. ಮಂದಿ ಇದೊಂದು ಹುಚ್ಚು ಎಂದು ನಗುತ್ತಿದ್ದರಂತೆ. ನಾನು ವರ್ಷಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಆರಾಮ ಇದ್ದೀಯಾ ಎಂದು ಕೇಳಿ, ಮಗಳ ಬಗ್ಗೆ ಕೇಳಿ ಇಟ್ಟುಬಿಡುತ್ತಿದ್ದರು. ನಾನು ಇನ್ನೊಂದು ಕಂಪನಿಯಲ್ಲಿ ಮನೆಯಿಂದಲೇ ಕೋಡು ಬರೆಯುತ್ತಿದ್ದೆ. ಒಳ್ಳೆಯ ಹೆಸರು ಬಂದಿತ್ತು. ಒಂದೊಂದು ಕಾಲಂ ಅನ್ನೂ ಹೆಸರಿಸಿಯೇ ಬರೆಯುತ್ತಾಳೆ ಎಂದು ನನ್ನನ್ನು ಹೊಗಳುತ್ತಿದ್ದರು.

ಅವರಿಗೆ ಶ್ವಾಸಕೋಶದ ರೋಗ ಎಂದು ತಿಳಿದ ಮೇಲೆ ನಿಪ್ಪಾಣಿಯ ಮನೆಗೆ ಹೋದೆ. ಮಧ್ಯಾಹ್ನದ ಹೊತ್ತು. ಹಿತ್ತಿಲ ಬಾಗಿಲ ಗಾಳಿಗೆ ಹಾಸಿಗೆ ಹಾಕಿಕೊಂಡಿದ್ದರು. ತುರುಬು ಸಣ್ಣದಾಗಿತ್ತು, ಎಣ್ಣೆ ಮಾತ್ರ ಹಚ್ಚಿಯೇ ಇತ್ತು. ಎಷ್ಟು ವರ್ಷದಿಂದ ಬೀಡಿ ಸೇದುತ್ತೀರಿ ಎಂದು ಡಾಕ್ಟರು ಕೇಳಿದರಂತೆ. “ಸೇದಿಲ್ರಿ, ಕಟ್ಟೀನಿ ಅಂದೆ” ಎಂದು ಹೇಳಿ ಕೆಮ್ಮುತ್ತ ನಕ್ಕರು. ಅವರು ನಕ್ಕಿದ್ದನ್ನು ನಾನು ಕಂಡದ್ದು ಬಹಳ ಕಡಿಮೆ.

ಚಹಾ ಆಯಿತು. ಇಷ್ಟು ವರ್ಷ ಕೇಳದೆ ಉಳಿದಿದ್ದನ್ನು ಕೇಳಿದೆ. ನಾನು ಬರೆದದ್ದನ್ನು ನೀವು ಯಾಕೆ ನಿಮ್ಮ ಮೇಲೆ ಹಾಕಿಕೊಂಡಿರಿ, ನನ್ನ ಸಲುವಾಗಿ ಯಾಕೆ ಸುಳ್ಳು ಹೇಳಿದಿರಿ ಎಂದೆ.

ಅವರು ಕಪ್ಪನ್ನು ಕೆಳಗಿಟ್ಟರು. ಬೆರಳು ಹೊರಳಲು ಸುರು ಮಾಡಿದವು.

“ನಾ ಸುಳ್ಳ ಹೇಳಿಲ್ಲ,” ಎಂದರು. “ಅವತ್ತ ನಿನ್ನ ಹಿಂದ ನಿಂತು ನೋಡಿದ್ನಲ್ಲಾ, ಆ ನಕ್ಷತ್ರ ನನಗ ಕಂಡಿತ್ತು. ಷರಾನೂ ಹೋಗ್ತದ ಅನ್ನೂದೂ ಗೊತ್ತಿತ್ತು. ತೆರಿ ಮ್ಯಾಲೆ ಕಾಣೂದಿಲ್ಲಲ್ಲ, ಸಮಾವೇಶ ಮುಗೀಲಿ, ಮುಂದಿನ ವಾರ ತೆಗದರಾತು ಅಂದ್ಕೊಂಡೆ. ಆ ಮನಷ್ಯಾ ಒಮ್ಮೆರ ನನಗ ಕೈ ಮುಗೀಲಿ ಅಂತ ಇತ್ತು ನನ್ನ ಮನಸಿನ್ಯಾಗ. ಮುಂದಿನ ವಾರ ಬ್ಯಾರೆ ಕೆಲಸ ಬಂತು.”

ಅವರನ್ನು ದೊಡ್ಡವರೆಂದು ತಿಳಿದಿದ್ದೆ. ನನ್ನ ಸಲುವಾಗಿ ತಮ್ಮನ್ನು ಸುಟ್ಟುಕೊಂಡರು ಎಂದು ತಿಳಿದು, ಆ ಋಣದ ಕೆಳಗೆ ಒಂದು ತರಹ ಬೆಚ್ಚಗೆ ಬದುಕಿದ್ದೆ. ಅದನ್ನು ಅವರು ತೆಗೆದುಬಿಟ್ಟರು. ಹಾಗಾದರೆ ತಪ್ಪು ನನ್ನೊಬ್ಬಳದಲ್ಲ ಎಂಬ ಆಸೆಯೊಂದು ನನ್ನ ಮುಖದ ಮೇಲೆ ಕಂಡಿರಬೇಕು.

“ಆದ್ರ ನೀ ಬರದಿ,” ಎಂದರು ಮೆಲ್ಲಗೆ. “ಅದೂ ಸುಳ್ಳಲ್ಲ. ನಂದು ನಾ ಹೇಳೀನಿ. ನಿಂದು ನಾ ಹೇಳಾಕ ಬರೂದಿಲ್ಲ.”

ಹೊರಡುವಾಗ ಬಾಗಿಲವರೆಗೂ ಬರಲು ಎದ್ದರು, ಆಗಲಿಲ್ಲ. ಅಲ್ಲಿಂದಲೇ ಕೈ ಮಾಡಿದರು. ಆ ಮೇಲೂ ನಾನು ಅಲಖನೂರಕ್ಕೆ ಹೋಗಲಿಲ್ಲ. ಮುಂದಿನ ತಿಂಗಳು, ಮಗಳ ಪರೀಕ್ಷೆ ಮುಗಿದ ಮೇಲೆ, ಅತ್ತೆಯ ಕಣ್ಣಿನ ಆಪರೇಷನ್ ಆದ ಮೇಲೆ ಎಂದು ದಿನ ದೂಡಿದೆ. ಅಷ್ಟರಲ್ಲಿ ಅವರ ತಮ್ಮನ ಫೋನ್ ಬಂತು.

ಫೋನ್ ಬಂದ ನಾಲ್ಕನೆಯ ದಿನ ಅಲಖನೂರಕ್ಕೆ ಹೋದೆ. ಗಂಡನಿಗೆ ಎಲ್ಲವನ್ನೂ ಹೇಳಿಯೇ ಹೊರಟೆ. ಅವರು ಹೋಗಿ ಬಾ ಎಂದರು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹುಡುಗಿಯ ತಂದೆ ಎರಡು ವರ್ಷದ ಹಿಂದೆಯೇ ತೀರಿಕೊಂಡಿದ್ದರು. ತಾಯಿ ಕಟ್ಟೆಯ ಮೇಲೆ ಮೊರದಲ್ಲಿ ಶೇಂಗಾ ಇಟ್ಟುಕೊಂಡು ಒಡೆಯುತ್ತಿದ್ದರು. ನಾನು ಅಂಗಳದಲ್ಲಿ ನಿಂತೇ ಹೇಳಿದೆ. ಆ ಸೈಟಿನಲ್ಲಿ ನಿಮ್ಮ ಮಗಳ ಮಾತು ಹೊರಗೆ ಹೋಗುವ ಹಾಗೆ ಬರೆದವಳು ನಾನು, ಇಷ್ಟು ವರ್ಷ ಹೆದರಿ ಬರಲಿಲ್ಲ, ಅಕ್ಕೋರು ಹೋಗಿಬಿಟ್ಟರು ಎಂದೆ. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತು ಬಹಳ ಇದ್ದವು, ಬಂದದ್ದು ಅಷ್ಟೇ.

ಅವರ ಕೈ ನಿಂತಿತು. ಸಿಟ್ಟಾಗುತ್ತಾರೆ ಎಂದು ಕಾದೆ. ಅಕ್ಕೋರು ಹೋಗಿದ್ದು ಯಾವಾಗ ಎಂದು ಕೇಳಿದರು. ಹೇಳಿದೆ. ಸೆರಗಿನಿಂದ ಮುಖ ಒರೆಸಿಕೊಂಡರು.

“ಇನ್ನೊಬ್ಬಾಕಿ ಅದಾಳಂತ ಅಕ್ಕೋರ ಹೇಳಿದ್ರು,” ಎಂದರು ಕೊನೆಗೆ. “ಹೆಸರ ಹೇಳಲಿಲ್ಲ. ನಾನೂ ಕೇಳಲಿಲ್ಲ. ಮ್ಯಾಲ ಬಾ, ಕುಂದ್ರು.”

ಕೂತೆ. ಒಳಗೆ ಯಾರೋ ಪಾತ್ರೆ ತೊಳೆಯುವ ಸಪ್ಪಳ ಬರುತ್ತಿತ್ತು. ಸಣ್ಣ ಮಗಳು, ನರ್ಸಿಂಗ್ ಮುಗಿಸಿದ್ದಾಳೆ, ಕಾಗವಾಡ ಕಡೆಯಿಂದ ಒಂದು ಮನೆಯವರು ನೋಡಿಕೊಂಡು ಹೋಗಿದ್ದಾರೆ ಎಂದು ತಾಯಿ ಹೇಳಿದರು. ಆಮೇಲೆ ದನಿ ತಗ್ಗಿಸಿದರು.

“ಅದು ಈಗೂ ಎಲ್ಲ್ಯರ ಐತೇನ, ಆ ಬರದಿದ್ದು?”

ಇಲ್ಲ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಆ ಒಂದು ಮಾತಿನಿಂದ ಅವರು ಅಂದು ಹೊಟ್ಟೆ ತುಂಬ ಉಣ್ಣುತ್ತಿದ್ದರು.

“ನಮ್ಮ ಕಡೆ ಇಲ್ಲ್ರಿ, ಅಳಿಸೇವಿ,” ಎಂದೆ. “ಆದ್ರ ಆಗ ಯಾರ್ಯಾರ ಕಡೆ ಹೋತು, ಯಾರು ಇಟ್ಕೊಂಡಾರ, ನನಗ ಗೊತ್ತಿಲ್ಲ. ಇದ್ರೂ ಇರಬಹುದ್ರಿ.”

ಅವರು ತಲೆ ಅಲ್ಲಾಡಿಸಿದರು. ಮೊರವನ್ನು ಹತ್ತಿರ ಎಳೆದುಕೊಂಡರು.

“ಅಕ್ಕೋರೂ ಹಿಂಗ ಅಂತಿದ್ರು. ವರ್ಷಾ ವರ್ಷಾ ಬರ್ತಿದ್ರು, ಇಲ್ಲೇ ಕುಂದ್ರತಿದ್ರು. ನಾ ವರ್ಷಾ ಇದನ್ನ ಕೇಳ್ತಿದ್ನಿ, ವರ್ಷಾ ಇದನ್ನ ಹೇಳ್ತಿದ್ರು.” ಒಂದು ಶೇಂಗಾ ಒಡೆದು ಕಾಳನ್ನು ಮೊರಕ್ಕೆ ಹಾಕಿದರು. “ಇನ್ನ ಮುಂದ ನಿನ್ನ ಕೇಳ್ತೀನಿ.”